ಸೈಕಲ್ಲಿಗೂ ಒಂದು ಟಿಕೆಟ್

ಒಂಬತ್ತನೇ ತರಗತಿಗೆ ಸಸ್ಯ ಅಂಗಾಂಶಗಳ ಪಾಠ ಮಾಡುತ್ತಿದ್ದೆ. ಬೇರು, ಕಾಂಡ, ಎಲೆ ಎಂದು ಹೇಳುತ್ತಾ ಆಲದಮರದ ಬಿಳಲಿನವರೆಗೆ ಬಂದೆ. ಬಿಳಲು ಎಂದರೆ ಕೊಂಬೆಯಿಂದ ಕೆಳಗಿಳಿಯುವ ಬೇರು, ನೆಲ ಮುಟ್ಟಿ ದಪ್ಪವಾದ ಮೇಲೆ ಅದು ಕಂಬದಂತೆ ಕೊಂಬೆಯನ್ನು ಹೊರುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದೆ. ಹಿಂದಿರುಗಿ ನೋಡಿದರೆ ಮಕ್ಕಳ ಮುಖದಲ್ಲಿ ಏನೂ ಇಲ್ಲ. "ದೊಡ್ಡ ಆಲದಮರ ನೋಡಿದವರು ಎಷ್ಟು ಜನ, ಕೈ ಎತ್ತಿ" ಎಂದೆ. 42 ಮಕ್ಕಳ ತರಗತಿಯಲ್ಲಿ ಎದ್ದದ್ದು 5 ಕೈ. ಐವರೂ ಕಾರಿನಲ್ಲಿ ಹೋಗಿ, ಕಾರಿನಲ್ಲಿ ಬಂದವರು. ಅದರಲ್ಲಿ ಒಬ್ಬಳಿಗೆ ನೆನಪಿದ್ದದ್ದು ಮಂಗಗಳು ಮಾತ್ರ.

ನಮ್ಮ ಶಾಲೆ ಇರುವುದು ವಿಜಯನಗರದಲ್ಲಿ. ಕೇತೋಹಳ್ಳಿಯ ದೊಡ್ಡ ಆಲದಮರ ಇರುವುದು ರಾಮೋಹಳ್ಳಿಯಿಂದ ಸ್ವಲ್ಪ ಮುಂದೆ. ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನು ದಿನಾ ಬಸವೇಶ್ವರನಗರದಿಂದ ಸೈಕಲ್ ತುಳಿದುಕೊಂಡು ಬರುವವನು. "ಸಾರ್, ನಾನು ಸೈಕಲ್‌ನಲ್ಲಿ ಹೋಗಿ ನೋಡ್ಕೊಂಡು ಬರ್ಲಾ?" ಎಂದ.

ಹೋಗು ಎನ್ನಲು ಬಾಯಿ ಬರಲಿಲ್ಲ. "ನೋಡೋಣ, ಕೂತ್ಕೋ" ಎಂದೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ನಾಚಿಕೆಯ ಉತ್ತರ ಇನ್ನೊಂದಿಲ್ಲ. ಏಕೆಂದರೆ ಅದೇ ವಯಸ್ಸಿನಲ್ಲಿ ನಾನೇ ಅಲ್ಲಿಗೆ ಸೈಕಲ್‌ನಲ್ಲಿ ಹೋಗಿಬಂದವನು.

ಅದು 1984. ನಾವಿದ್ದದ್ದು ರಾಜಾಜಿನಗರದಲ್ಲಿ. ಮೂವರು ಗೆಳೆಯರು ಎರಡು ಬಾಡಿಗೆ ಸೈಕಲ್ ತೆಗೆದುಕೊಂಡೆವು. ದಿನಕ್ಕೆ ಐದು ರೂಪಾಯಿ, ಜಾಮೀನಿಗೆ ಒಬ್ಬನ ಅಪ್ಪನ ಹೆಸರು. ಒಬ್ಬ ಕ್ಯಾರಿಯರ್ ಮೇಲೆ ಕೂತರೆ ಇಬ್ಬರು ತುಳಿಯುವುದು, ಪೊಲೀಸರು ಕಂಡರೆ ಅವನು ಇಳಿದು ನಡೆಯುವುದು. ಡಬಲ್ ರೈಡಿಂಗಿಗೆ ಆಗ ದಂಡವಿತ್ತು. ಬುತ್ತಿಯಲ್ಲಿ ಚಿತ್ರಾನ್ನ. ನಾಯಂಡಹಳ್ಳಿ ದಾಟಿದರೆ ಊರು ಮುಗಿಯುತ್ತಿತ್ತು. ಮೈಸೂರು ರಸ್ತೆಯ ಎರಡು ಬದಿಗೂ ಮರಗಳು. ಬಸ್ಸು ಬಂದರೆ ದೂರದಿಂದಲೇ ಹಾರ್ನ್ ಕೇಳುತ್ತಿತ್ತು, ನಾವು ಮಣ್ಣಿಗಿಳಿಯುತ್ತಿದ್ದೆವು. ಸಂಜೆ ಮನೆಗೆ ಬಂದಾಗ ಅಮ್ಮ ಕೇಳಿದ್ದು ಒಂದೇ, "ಬುತ್ತಿ ಡಬ್ಬಿ ಎಲ್ಲೋ?" ಎಂದು. ಡಬ್ಬಿ ಆಲದಮರದ ಕೆಳಗೆ ಮಂಗಗಳ ಪಾಲಾಗಿತ್ತು.

ಈಗ ಅದೇ ಹುಡುಗನಿಗೆ ಅದೇ ರಸ್ತೆಯಲ್ಲಿ ಹೋಗು ಎನ್ನಲು ನನಗೇಕೆ ಭಯ? ಕಾರಣವಿದೆ.

ಎರಡು ವರ್ಷದ ಹಿಂದೆ ನನಗೆ ಸಕ್ಕರೆ ಕಾಯಿಲೆಯ ಅಂಚು ಕಂಡಿತು. ಡಾಕ್ಟರು ನಡೆಯಿರಿ ಎಂದರು. ನಾನು ಸೈಕಲ್ ಕೊಂಡೆ. ಹಳೆಯ ಆಸೆ ಹೊಸ ನೆಪ ಹುಡುಕಿಕೊಂಡಿತ್ತು ಅನ್ನಿ. ಮೂರನೇ ಭಾನುವಾರ ಕೆಂಗೇರಿವರೆಗೆ ಹೋಗೋಣ ಎಂದು ಹೊರಟೆ. ನಾಯಂಡಹಳ್ಳಿಯ ಹತ್ತಿರ ಕಾಂಕ್ರೀಟ್ ಕಲಸುವ ಲಾರಿಯೊಂದು ಎಷ್ಟು ಹತ್ತಿರ ಹಾದುಹೋಯಿತೆಂದರೆ, ಅದರ ಗಾಳಿಗೆ ಹ್ಯಾಂಡಲ್ ತಾನಾಗಿ ತಿರುಗಿತು. ಎಡಕ್ಕೆ ಬಿದ್ದೆ. ಎಡಕ್ಕೆ ಬಿದ್ದದ್ದರಿಂದ ಈ ಅಂಕಣ ಬರೆಯುತ್ತಿದ್ದೇನೆ. ಮೊಣಕಾಲು ತರಚಿತು, ಕನ್ನಡಕ ಒಡೆಯಿತು, ಅಷ್ಟೆ.

ಮನೆಯಲ್ಲಿ ಬ್ಯಾಂಡೇಜು ಸುತ್ತುವಾಗ ನನ್ನಾಕೆ ಏನೂ ಅನ್ನಲಿಲ್ಲ. ಸುತ್ತಿ ಮುಗಿಸಿ ಎದ್ದು, "ನೋಡ್ರೀ, ಸೈಕಲ್ ಬಿಡಿ ಅಂತ ನಾನು ಹೇಳಲ್ಲ. ಆ ರಸ್ತೆ ಬಿಡಿ" ಎಂದಳು. ನನ್ನ ವಿಜ್ಞಾನಕ್ಕಿಂತ ಅವಳ ಮಾತು ಸ್ಪಷ್ಟವಾಗಿತ್ತು.

ಆದರೂ ಮೇಷ್ಟರ ಬುದ್ಧಿ, ಲೆಕ್ಕ ಹಾಕಿ ನೋಡಿದೆ. ಚಲಿಸುವ ವಸ್ತುವಿನ ಚಲನಶಕ್ತಿ ಅದರ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ನಾನು ಮತ್ತು ನನ್ನ ಸೈಕಲ್ ಸೇರಿ 80 ಕಿಲೋ. ಗಂಟೆಗೆ 15 ಕಿ.ಮೀ. ವೇಗ. ಶಕ್ತಿ ಸುಮಾರು 700 ಜೌಲ್. 15 ಟನ್ ತೂಗುವ ಲಾರಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುತ್ತಿದೆ ಎನ್ನಿ. ಅದರ ಶಕ್ತಿ ಸುಮಾರು 14 ಲಕ್ಷ 50 ಸಾವಿರ ಜೌಲ್. ಎರಡು ಸಾವಿರ ಪಟ್ಟು! ಇಷ್ಟು ಅಂತರವಿರುವ ಇಬ್ಬರನ್ನು ಒಂದೇ ಬಿಳಿ ಗೆರೆಯ ಆಚೀಚೆ ಓಡಿಸಿ "ಜಾಗ್ರತೆಯಿಂದ ಹೋಗಿ" ಎಂದು ಫಲಕ ನೆಟ್ಟರೆ ಸಾಲದು. ಧೈರ್ಯ ಇರುವವರು ಹೋಗುತ್ತಾರೆ, ನಿಜ. ಆದರೆ ಧೈರ್ಯವನ್ನು ನಂಬಿ ಪರರ ಮಕ್ಕಳನ್ನು ಕಳಿಸುವುದಕ್ಕೆ ಆಗುತ್ತದೆಯೆ?

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಕಡೆಯಿಂದ ಊರಾಚೆಗೆ ಹೋಗುವ ದಾರಿಯಲ್ಲಿ ಅಪಾಯ ಎಲ್ಲ ಕಡೆ ಸಮನಾಗಿಲ್ಲ. ಕಾರ್ಡ್ ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆ: ಈ ಮೊದಲ ಹತ್ತು ಹದಿನೈದು ಕಿಲೋಮೀಟರಿನಲ್ಲೇ ಹೊಗೆಯೂ ಹೆಚ್ಚು, ಲಾರಿಯೂ ಹೆಚ್ಚು, ನೋಡುವುದಕ್ಕೆ ಏನೂ ಇಲ್ಲ. ಅದು ಮುಗಿದ ಮೇಲೆ ಕೆರೆ, ತೋಟ, ಬಂಡೆ, ಹಳ್ಳಿಯ ತಿರುವು ಶುರುವಾಗುತ್ತವೆ. ಅಂದರೆ ಸೈಕಲ್ ಬೇಕಿರುವುದು ದಾರಿಯ ಕೊನೆಯ ಭಾಗಕ್ಕೆ. ಮೊದಲ ಭಾಗಕ್ಕೆ ಬೇಕಿರುವುದು ಬಸ್ಸು.

ಇದನ್ನೇ ತರಗತಿಯಲ್ಲಿ ಹೀಗೆ ಹೇಳಿದೆ. ಬಸ್ಸು ಒಂದು ರೇಖೆ, ಸೈಕಲ್ಲು ಒಂದು ವೃತ್ತ. ಬಸ್ಸು ನಿಮ್ಮನ್ನು ತನ್ನ ಗೆರೆಯ ಮೇಲೆ ಎಷ್ಟು ದೂರವಾದರೂ ಒಯ್ಯುತ್ತದೆ, ಆದರೆ ಗೆರೆ ಬಿಟ್ಟು ಅತ್ತಿತ್ತ ಹೋಗದು. ನಿಲ್ದಾಣದಲ್ಲಿ ಇಳಿದು ಒಂದು ಗಂಟೆ ನಡೆದರೆ 5 ಕಿ.ಮೀ. ಹೋಗಬಹುದು. ನೆಟ್ಟಗೆ ಎಲ್ಲ ದಿಕ್ಕಿಗೂ ದಾರಿ ಇದೆ ಎಂದುಕೊಂಡರೆ, ನಿಮ್ಮ ಕೈಗೆ ಸಿಗುವ ನೆಲ ಸುಮಾರು 78 ಚದರ ಕಿ.ಮೀ. ಅದೇ ಒಂದು ಗಂಟೆ ಸೈಕಲ್ ತುಳಿದರೆ 15 ಕಿ.ಮೀ.; ಸಿಗುವ ನೆಲ 707 ಚದರ ಕಿ.ಮೀ. ವೇಗ ಮೂರು ಪಟ್ಟು, ನೆಲ ಒಂಬತ್ತು ಪಟ್ಟು. ತ್ರಿಜ್ಯದ ವರ್ಗ ಎಂದು ನೀವು ಬಾಯಿಪಾಠ ಮಾಡಿದ ಸೂತ್ರಕ್ಕೆ ಇಷ್ಟು ದೊಡ್ಡ ಉಪಯೋಗ ಇದೆ ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಅದೂ ಅಲ್ಲದೆ, ಒಂದು ಕಿಲೋಮೀಟರು ನಡೆಯಲು ಬೇಕಾದ ಶಕ್ತಿಯ ನಾಲ್ಕನೇ ಒಂದು ಭಾಗವೋ ಐದನೇ ಒಂದು ಭಾಗವೋ ಇದ್ದರೆ ಸಮತಟ್ಟಿನಲ್ಲಿ ಒಂದು ಕಿಲೋಮೀಟರು ಸೈಕಲ್ ತುಳಿಯಬಹುದು. ಒಂದೇ ಮುದ್ದೆ, ನಾಲ್ಕು ಪಟ್ಟು ದಾರಿ.

ಸರಿ, ರೇಖೆಯನ್ನೂ ವೃತ್ತವನ್ನೂ ಸೇರಿಸುವುದು ಹೇಗೆ? ಕಷ್ಟ ಶುರುವಾಗುವುದು ಇಲ್ಲೇ.

ಹಿಂದೆ ಊರೂರಿಗೆ ಹೋಗುವ ಬಸ್ಸುಗಳ ಹಿಂಬದಿಗೆ ಏಣಿ, ತಲೆಯ ಮೇಲೆ ಕಂಬಿಯ ಕ್ಯಾರಿಯರ್ ಇರುತ್ತಿತ್ತು. ಕೋಳಿಯ ಬುಟ್ಟಿ, ಬಾಳೆಗೊನೆ, ಮದುವೆಯ ಪಾತ್ರೆ, ಸೈಕಲ್, ಎಲ್ಲವೂ ಮೇಲೇರುತ್ತಿದ್ದವು. ಈಗ ನಗರದ ಬಸ್ಸಿಗೆ ಏಣಿಯೂ ಇಲ್ಲ, ಕ್ಯಾರಿಯರೂ ಇಲ್ಲ. ಬಿದ್ದು ಬಂದ ಮುಂದಿನ ವಾರ, ಬೆಳಿಗ್ಗೆ ಆರು ಗಂಟೆಗೆ ವಿಜಯನಗರದ ನಿಲ್ದಾಣದಲ್ಲಿ ಸೈಕಲ್ ಹಿಡಿದು ನಿಂತೆ. ಕಂಡಕ್ಟರ್ ನನ್ನನ್ನೂ ಸೈಕಲ್ಲನ್ನೂ ನೋಡಿದರು. "ಸಾರ್, ನೀವು ಬನ್ನಿ. ಅದನ್ನ ಬಿಟ್ಟು ಬನ್ನಿ" ಎಂದರು. "ಅದಕ್ಕೂ ಒಂದು ಟಿಕೆಟ್ ಕೊಡಿ" ಎಂದೆ. "ಟಿಕೆಟ್ ಕೊಡೋದಲ್ಲ ಸಾರ್, ಎಲ್ಲಿ ನಿಲ್ಲಿಸಲಿ? ಮುಂದಿನ ಸ್ಟಾಪಿನಲ್ಲಿ ಹೂವಿನ ಮೂಟೆ ಹತ್ತುತ್ತೆ, ಮುದುಕರು ಹತ್ತುತ್ತಾರೆ. ಪೆಡಲ್ಲು ಯಾರದಾದರೂ ಸೀರೆಗೆ ಸಿಕ್ಕಿದರೆ ಬೈಸಿಕೊಳ್ಳೋನು ನಾನು." ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಸ್ಸು ಹೋಯಿತು, ನಾನು ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಬಿ.ಟಿ.ಎಸ್. ಎಂದರೆ 'ಬಿಟ್ಟರೆ ತಿರುಗಿ ಸಿಗದು' ಎಂದು ಹುಡುಗರಾಗಿದ್ದಾಗ ನಗುತ್ತಿದ್ದೆವು. ಬಿ.ಟಿ.ಎಸ್. ಹೋಗಿ 1997ರಲ್ಲಿ ಬಿಎಂಟಿಸಿ ಬಂತು, ನಗೆ ಮಾತ್ರ ಹಾಗೇ ಉಳಿಯಿತು.

ಇದಕ್ಕೆ ಉಪಾಯ ಜಗತ್ತಿಗೆ ಗೊತ್ತಿಲ್ಲದ್ದೇನಲ್ಲ. ಅಮೆರಿಕದ ಸಿಯಾಟಲ್ ಪಟ್ಟಣದಲ್ಲಿ 1990ರ ದಶಕದಲ್ಲಿಯೇ ಬಸ್ಸಿನ ಮೂತಿಗೆ ಮಡಚುವ ಕಬ್ಬಿಣದ ಚೌಕಟ್ಟು ಕಟ್ಟಿ ಸೈಕಲ್ ಹೊರುವ ಪದ್ಧತಿ ಬಂತು. ಪ್ರಯಾಣಿಕನೇ ಸೈಕಲ್ ಎತ್ತಿಟ್ಟು, ಕೊಕ್ಕೆ ಸಿಕ್ಕಿಸಿ, ಒಳಗೆ ಹತ್ತುತ್ತಾನೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಉಪನಗರ ರೈಲುಗಳಲ್ಲಿ 2010ರಿಂದ ಸೈಕಲ್ಲಿಗೆ ಟಿಕೆಟ್ಟೇ ಬೇಡ. ನಮ್ಮ ಬೆಂಗಳೂರೂ ಪೂರ್ತಿ ಹಿಂದೆ ಬಿದ್ದಿಲ್ಲ. 2020-21ರ ಹೊತ್ತಿಗೆ ಹೊರವರ್ತುಲ ರಸ್ತೆಯಲ್ಲಿ ಓಡುವ ಬಿಎಂಟಿಸಿಯ ಕೆಲವು ಬಸ್ಸುಗಳ ಮುಂದೆ ಎರಡು ಸೈಕಲ್ ಹಿಡಿಯುವ ಚೌಕಟ್ಟು ಬಂತು. ಅದು ಐ.ಟಿ. ಕಂಪನಿಗಳ ಕಡೆಯ ಮಾತು. ನಮ್ಮ ಪಶ್ಚಿಮದ ಬಸ್ಸುಗಳಲ್ಲಿ ನಾನು ಅಂಥದ್ದನ್ನು ಕಂಡಿಲ್ಲ. ಮೆಟ್ರೊ ರೈಲಿನವರು 2020ರಲ್ಲಿ ಮಡಚುವ ಸೈಕಲ್ಲುಗಳಿಗೆ ಅವಕಾಶ ಕೊಟ್ಟರು. ಮಡಚಿದ ಮೇಲೆ ಸಾಮಾನಿನ ಅಳತೆ, ತೂಕ ಮೀರಬಾರದು. ಮಡಚುವ ಸೈಕಲ್ಲಿನ ಬೆಲೆ ಕೇಳಿ ನಾನು ಮೆಲ್ಲಗೆ ಅಂಗಡಿಯ ಮೆಟ್ಟಿಲಿಳಿದೆ.

ಚೌಕಟ್ಟು ಕಟ್ಟುವುದು ಸರ್ಕಾರದ ಕೆಲಸ. ಅದು ಆಗುವವರೆಗೆ ನಮ್ಮ ಕೆಲಸವೇನು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೆಂಗೇರಿ ಉಪನಗರದ ಒಂದು ಸೈಕಲ್ ಅಂಗಡಿಯಲ್ಲಿ.

ನಾನು ಪಾಠ ಹೇಳಿದ ಹುಡುಗಿಯೊಬ್ಬಳ ಗೃಹಪ್ರವೇಶಕ್ಕೆ ಅಲ್ಲಿಗೆ ಹೋಗಿದ್ದೆ. ದಾರಿಯಲ್ಲಿ ಪಂಕ್ಚರ್ ಹಾಕುವ ಅಂಗಡಿ. ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಕರಿಯ ಸೈಕಲ್, ನಮ್ಮ ಕಾಲದ ದೊಡ್ಡ ಚಕ್ರದ್ದು. "ಇದು ಯಾರದಪ್ಪಾ?" ಎಂದೆ. "ರಿಪೇರಿಗೆ ಬಿಟ್ಟೋರು ತಿರುಗಿ ಬರಲೇ ಇಲ್ಲ ಮೇಷ್ಟ್ರೇ. ನಾಲ್ಕು ವರ್ಷ ಆಯ್ತು." ಅವನಿಗೆ ನಾನು ಮೇಷ್ಟ್ರೆಂದು ಹೇಗೆ ಗೊತ್ತಾಯಿತೋ ತಿಳಿಯದು, ನನ್ನ ಶರ್ಟಿನ ಜೇಬಿನ ಚಾಕ್‌ಪೀಸ್ ಪುಡಿಯೇ ಇರಬೇಕು. ಒಂದೂವರೆ ಸಾವಿರಕ್ಕೆ ಮಾತು ಮುಗಿಯಿತು. ಹೊಸ ಟಯರು, ಬ್ರೇಕಿನ ರಬ್ಬರು ಹಾಕಿಸಿದೆ. ಮನೆಗೆ ಒಯ್ಯಲಿಲ್ಲ. ತಿಂಗಳಿಗೆ ನೂರು ರೂಪಾಯಿ ಕೊಟ್ಟು ಅಲ್ಲೇ ಬಿಟ್ಟೆ.

ಹೊಸ ಉಪಾಯವೇನೂ ಅಲ್ಲ. ಹಾಲೆಂಡಿನಲ್ಲಿ ಎಷ್ಟೋ ಜನ ಮನೆಯಲ್ಲೊಂದು, ಕೆಲಸದ ಊರಿನ ಸ್ಟೇಷನ್ನಿನಲ್ಲೊಂದು ಸೈಕಲ್ ಇಟ್ಟುಕೊಳ್ಳುತ್ತಾರೆ. ಸೈಕಲ್ಲನ್ನು ಬಸ್ಸಿನೊಳಗೆ ಹತ್ತಿಸಲು ಆಗದಿದ್ದರೆ, ಬಸ್ಸು ಇಳಿಯುವ ಕಡೆ ಸೈಕಲ್ ಕಾಯುತ್ತಿರಲಿ! ಕೆಂಗೇರಿಗೆ ಬಸ್ಸಿಗೂ ಕೊರತೆಯಿಲ್ಲ, ರೈಲಿಗೂ ಕೊರತೆಯಿಲ್ಲ. 2021ರ ಆಗಸ್ಟ್ ಕೊನೆಗೆ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿಗೆ ಬಂತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಮುಟ್ಟಿತು. ವಿಜಯನಗರದಲ್ಲಿ ಹತ್ತಿದರೆ ಅತ್ತಿಗುಪ್ಪೆ, ದೀಪಾಂಜಲಿನಗರ, ಜ್ಞಾನಭಾರತಿ ಎಂದು ಕಿಟಕಿಯಾಚೆ ನೋಡುತ್ತಿರುವಾಗಲೇ ಕೆಂಗೇರಿ ಬಸ್ ಟರ್ಮಿನಲ್. ಭಾನುವಾರ ಮಾತ್ರ ಮೆಟ್ರೊ ನಮ್ಮ ಹಾಗೆಯೇ ಸ್ವಲ್ಪ ತಡವಾಗಿ ಏಳುತ್ತದೆ, ಬೇಗ ಹೊರಡುವವರಿಗೆ ಬಸ್ಸೇ ವಾಸಿ.

ಹೀಗೆ ಆರೇಳು ತಿಂಗಳು ಒಬ್ಬನೇ ತಿರುಗಿದೆ. ಮನೆಯವಳಿಗೆ ಕೊಟ್ಟ ಮಾತೂ ಉಳಿಯಿತು. ಅಷ್ಟರಲ್ಲಿ ಆ ಹುಡುಗ ಎದ್ದು ನಿಂತ.

ಅವನ ಮನೆಗೆ ಹೋದೆ. ತಂದೆ ಪೀಣ್ಯದಲ್ಲಿ ಲೇತ್ ಕೆಲಸ, ಆ ವಾರ ರಾತ್ರಿ ಪಾಳಿ. ತಾಯಿ ಕಾಫಿ ಕೊಟ್ಟರು. ವಿಷಯ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಲೆಗೆ ಸೈಕಲಲ್ಲಿ ಹೋದಾಗಲೇ ಅವನು ಬರೋತನಕ ನಾನು ಗೇಟಿನ ಹತ್ರ ನಿಂತಿರ್ತೀನಿ ಸಾರ್. ಮೈಸೂರು ರೋಡಲ್ಲಿ ಅವನು ಸೈಕಲ್ ಹತ್ತಬಾರದು. ಅಷ್ಟು ಮಾತು ಕೊಡಿ, ಕಳಿಸ್ತೀನಿ" ಎಂದರು. "ಆಯ್ತಮ್ಮ, ಹತ್ತಿಸಲ್ಲ" ಎಂದೆ.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಕೆಂಗೇರಿಗೆ ಹೋದೆವು. ಹುಡುಗನಿಗೆ ಅಂಗಡಿಯವನೇ ಒಂದು ಸೈಕಲ್ ಹೊಂದಿಸಿದ್ದ. ಉಪನಗರದಿಂದ ಕೊಮ್ಮಘಟ್ಟದ ಕಡೆಗೆ ತಿರುಗಿದರೆ ಮೈಸೂರು ರಸ್ತೆಯ ಹಂಗೇ ಇಲ್ಲ. ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿ, ಆಮೇಲೆ ಆಲದಮರ. ಈ ನೆಲದ ಬಹುಪಾಲು ಈಗ ಬಿಡಿಎಯ ನಾಡಪ್ರಭು ಕೆಂಪೇಗೌಡ ಬಡಾವಣೆ. ಸೈಟುಗಳ ಕಲ್ಲು, ಅಗಲವಾದ ರಸ್ತೆ, ಅಲ್ಲೊಂದು ಇಲ್ಲೊಂದು ಮನೆ. ಮನೆಗಳು ತುಂಬಿದ ಮೇಲೆ ಏನೋ, ಸದ್ಯಕ್ಕಂತೂ ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ.

ಒಂದು ದಿಣ್ಣೆಯಲ್ಲಿ ನನಗೆ ಏದುಸಿರು ಬಂತು, ಇಳಿದು ತಳ್ಳಿದೆ. ಹುಡುಗ ಮುಂದೆ ಹೋಗಿ ಕಾಯುತ್ತಿದ್ದ. "ಸಾರ್, ಇಷ್ಟು ಸಣ್ಣ ಏರು ಇಷ್ಟು ಕಷ್ಟ ಯಾಕೆ?" ಎಂದ. ಅಲ್ಲೇ ನಿಂತು ಲೆಕ್ಕ ಹೇಳಿದೆ, ಉಸಿರಾಡಲೂ ಸಮಯ ಸಿಕ್ಕಿತು. 20 ಮೀಟರಿಗೆ 1 ಮೀಟರು ಏರುವ ದಾರಿ ಎನ್ನು. ಒಂದು ಕಿಲೋಮೀಟರಿಗೆ 50 ಮೀಟರು, ಅಂದರೆ 16 ಮಹಡಿ. 80 ಕಿಲೋವನ್ನು ಅಷ್ಟೆತ್ತರ ಎತ್ತಲು 39 ಸಾವಿರ ಜೌಲ್ ಬೇಕು. ಅದೇ ಒಂದು ಕಿಲೋಮೀಟರು ಸಮತಟ್ಟಿನಲ್ಲಿ ನಿಧಾನವಾಗಿ ಹೋಗಲು ಹತ್ತು ಹನ್ನೊಂದು ಸಾವಿರ ಸಾಕು. ಕಣ್ಣಿಗೆ ಕಾಣದ ಏರು ಕಾಲಿಗೆ ಕಾಣುತ್ತದೆ. ಕಾರಿನಲ್ಲಿ ಕೂತವನಿಗೆ ಭೂಗೋಳ ಗೊತ್ತಾಗುವುದಿಲ್ಲ.

"ಹಾಗಾದರೆ ನಮ್ಮ ಮನೆಯಿಂದ ಕೆಂಗೇರಿಗೆ ಇಳಿಜಾರೋ, ಏರೋ?" ಎಂದ. "ವೃಷಭಾವತಿ ಯಾವ ಕಡೆಗೆ ಹರಿಯುತ್ತದೆ?" ಎಂದೆ. ಯೋಚಿಸಿ, "ನಮ್ಮ ಕಡೆಯಿಂದ ಕೆಂಗೇರಿಗೆ" ಎಂದ. "ಮತ್ತೆ? ನೀರು ಏರು ಹತ್ತುತ್ತದೆಯೆ?" ನಕ್ಕ. ಅವನು ದಿನಾ ಮೂಗು ಮುಚ್ಚಿಕೊಂಡು ದಾಟುವ ಮೋರಿ ಒಂದು ನದಿ, ಅದು ಮುಂದೆ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಕಾವೇರಿಗೆ ಸೇರುತ್ತದೆ ಎಂಬುದು ಪುಸ್ತಕದಲ್ಲಿತ್ತು. ಅದರ ಇಳಿಜಾರು ತನ್ನ ಕಾಲಿಗೆ ಸಂಬಂಧಿಸಿದ್ದು ಎಂದು ಅವನಿಗೆ ಅಂದು ತಿಳಿಯಿತು.

ಆಲದಮರದ ಹತ್ತಿರ ಸೈಕಲ್ ನಿಲ್ಲಿಸಿದೆವು. ಸುಮಾರು 400 ವರ್ಷದ ಮರ, 3 ಎಕರೆಯಷ್ಟು ಹರಡಿದೆ ಎಂದು ಅವನಿಗೆ ಮೊದಲೇ ಹೇಳಿದ್ದೆ. ಒಳಗೆ ನಡೆದು ಹೋದಂತೆ ಅವನು ಸುತ್ತ ನೋಡುತ್ತ, "ಸಾರ್, ಮರ ಎಲ್ಲಿ?" ಎಂದ. ಸರಿಯಾದ ಪ್ರಶ್ನೆ. ನಡುವಿನ ತಾಯಿಕಾಂಡ ರೋಗ ತಗುಲಿ ಎಂದೋ ಸತ್ತಿದೆ. ಈಗ ಇರುವುದೆಲ್ಲ ಬಿಳಲುಗಳು ಕಂಬವಾಗಿ, ಕಂಬಗಳು ಮರವಾಗಿ ನಿಂತದ್ದು. ಕೋಲ್ಕತ್ತ ಹತ್ತಿರದ ಸಸ್ಯೋದ್ಯಾನದ ಪ್ರಸಿದ್ಧ ಆಲದಮರವೂ ಹೀಗೆಯೇ. ಬಿರುಗಾಳಿಗೆ ಪೆಟ್ಟು ತಿಂದು, ಬೂಷ್ಟು ಹಿಡಿದ ಅದರ ಮೂಲಕಾಂಡವನ್ನು 1925ರಲ್ಲಿ ತೆಗೆದುಹಾಕಿದರು. ಮರ ಇನ್ನೂ ಬೆಳೆಯುತ್ತಿದೆ.

2024ರ ಜೂನ್ ಮೊದಲ ವಾರದ ಮಳೆಗೆ ನಮ್ಮ ಮರದ ಒಂದು ದೊಡ್ಡ ಭಾಗ ಉರುಳಿತು. ಆ ಸುದ್ದಿ ಓದಿದ ದಿನ ನನಗೆ ಊರಿನ ಹಿರಿಯರೊಬ್ಬರು ಹೋದ ಹಾಗಾಗಿತ್ತು. ಹುಡುಗ ಬಿಳಲುಗಳ ನಡುವೆ ಅಡ್ಡಾಡಿದ. ಒಂದು ದಪ್ಪ ಬಿಳಲನ್ನು ಎರಡು ಕೈಯಲ್ಲಿ ತಬ್ಬಿ ನೋಡಿದ, ಕೈ ಸೇರಲಿಲ್ಲ. ಇನ್ನೊಂದು, ದಾರದಷ್ಟು ತೆಳ್ಳಗೆ, ಗಾಳಿಯಲ್ಲಿ ತೂಗುತ್ತಿತ್ತು. "ಇದು ನೆಲ ಮುಟ್ಟುವ ಮೊದಲೇ ಮೇಲಿನ ಕೊಂಬೆ ಬಿದ್ದುಹೋದರೆ?" ಎಂದ. "ಆಗ ಅದೂ ಹೋಗುತ್ತದೆ" ಎಂದೆ. ಅವನು ಮತ್ತೆ ಮಾತಾಡಲಿಲ್ಲ. ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆದ ಚಿತ್ರ ಎಷ್ಟು ಬಡವಾಗಿತ್ತೆಂದು ನನಗೂ ಗೊತ್ತಾಯಿತು.

ವಾಪಸು ಬರುವಾಗ ರಾಮೋಹಳ್ಳಿ ದಾಟುವ ಮೊದಲೇ ಹುಡುಗನ ಹಿಂದಿನ ಚಕ್ರ 'ಪಟ್' ಎಂದಿತು. ಟ್ಯೂಬ್ ಒಡೆದಿತ್ತು. ನನ್ನ ಚೀಲದಲ್ಲಿ ಪಂಪು ಇತ್ತು, ತೇಪೆ ಇತ್ತು, ಟ್ಯೂಬ್ ಇರಲಿಲ್ಲ. ಒಡೆದ ಟ್ಯೂಬಿಗೆ ತೇಪೆ ಏನು ಮಾಡೀತು? ಭಾನುವಾರ ಮಧ್ಯಾಹ್ನ, ಹಳ್ಳಿಯ ಒಂದೇ ಅಂಗಡಿಗೆ ಬಾಗಿಲು. ಬಿಸಿಲು ನೆತ್ತಿಗೆ ಬಂದಿತ್ತು. ಕುಂಬಳಗೋಡಿನ ಕಡೆ ಇಳಿದರೆ ಮೈಸೂರು ರಸ್ತೆಯಲ್ಲಿ ಅಂಗಡಿ ಸಿಗುತ್ತದೆ, ಅಲ್ಲಿಂದ ತುಳಿದರೆ ಬೇಗ ಮುಟ್ಟಬಹುದು ಎಂದು ಟೀ ಅಂಗಡಿಯವರೊಬ್ಬರು ಸಲಹೆ ಕೊಟ್ಟರು. ಹುಡುಗ ನನ್ನ ಮುಖ ನೋಡಿದ. "ಅಮ್ಮನಿಗೆ ಹೇಳಬೇಡಿ ಸಾರ್, ಸ್ವಲ್ಪ ದೂರ ತಾನೇ" ಎಂದ. ಒಂದು ಕ್ಷಣ, ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತು. ಗೇಟಿನ ಬಳಿ ನಿಲ್ಲುವ ಆ ತಾಯಿ ನೆನಪಾದರು. "ಬೇಡಪ್ಪಾ, ನಡೆಯೋಣ" ಎಂದೆ.

ಎರಡು ಸೈಕಲ್ ತಳ್ಳಿಕೊಂಡು ಅರ್ಧ ಗಂಟೆ ನಡೆದಿರಬೇಕು. ಹಿಂದಿನಿಂದ ಬಸ್ಸು ಬಂತು. ಆಸೆಯಿಲ್ಲದೆಯೇ ಕೈ ಅಡ್ಡ ಹಿಡಿದೆ. ಒಳಗೆ ಏಳೆಂಟು ಜನ. ಕಂಡಕ್ಟರ್ ಬಾಗಿಲಲ್ಲಿ ನಿಂತು ಒಡೆದ ಚಕ್ರ ನೋಡಿದರು, ಹುಡುಗನ ಬೆವರು ನೋಡಿದರು, ಹಿಂದೆ ತಿರುಗಿ ಖಾಲಿ ಬಸ್ಸು ನೋಡಿದರು. "ಹಿಂದಿನ ಬಾಗಿಲಲ್ಲಿ ಹತ್ತಿಸಿ ಮೇಷ್ಟ್ರೇ, ಹಿಡ್ಕೊಂಡು ನಿಂತಿರಬೇಕು. ಜನ ಬಂದರೆ ಇಳಿಸಬೇಕು" ಎಂದರು. ಜನ ಬರಲಿಲ್ಲ. ಟಿಕೆಟ್ ಕೇಳಿದರೆ ನಮಗೆ ಎರಡು ಹರಿದು ಕೊಟ್ಟರು, ಆಮೇಲೆ ಸ್ವಲ್ಪ ಯೋಚಿಸಿ ಸೈಕಲ್ಲಿಗೂ ಲಗೇಜ್ ಟಿಕೆಟ್ ಕೊಟ್ಟರು. ಆ ಬಸ್ಸಿನ ನಂಬರನ್ನು ನಾನಿಲ್ಲಿ ಬರೆಯುವುದಿಲ್ಲ. ಒಳ್ಳೆಯ ಕೆಲಸ ಮಾಡಿದವರಿಗೆ ಮೆಮೊ ಬರಬಾರದು.

ಈ ವಾರಗಳಲ್ಲಿ ಕಲಿತದ್ದನ್ನು ಓದುಗರಿಗೂ ಹೇಳಿಬಿಡುತ್ತೇನೆ. ಒಂದು, ಬಿಸಿಲೇರುವ ಮೊದಲು ಹೊರಡಿ, ಬಸ್ಸೂ ಖಾಲಿ ಇರುತ್ತದೆ. ಎರಡು, ತೇಪೆಯ ಜೊತೆಗೆ ಒಂದು ಹೊಸ ಟ್ಯೂಬು ಚೀಲದಲ್ಲಿರಲಿ. ಮೂರು, ಬರುವ ಬಸ್ಸಿನ ವೇಳೆಯನ್ನು ಹೋಗುವಾಗಲೇ ಕೇಳಿಟ್ಟುಕೊಳ್ಳಿ. ನಾಲ್ಕು, ಇಳಿಜಾರಿಗೆ ಸೈಕಲ್, ಏರಿಗೆ ಬಸ್ಸು ಎಂಬಂತೆ ದಾರಿ ಹೊಂದಿಸಿ. ಐದು, ತುರಹಳ್ಳಿಯಂಥ ಕಾಡು ಅರಣ್ಯ ಇಲಾಖೆಯದು. ಕಾವಲುಗಾರರು ಬೇಡ ಎಂದರೆ ಬೇಡವೇ. 2021ರಲ್ಲಿ ಆ ಕಾಡನ್ನು ಉದ್ಯಾನವಾಗಿ ಮಾಡುವ ಯೋಜನೆಗೆ ಜನ ಎದುರು ನಿಂತರು. ಉಳಿಸಿದ ಕಾಡನ್ನು ನಮ್ಮ ಚಕ್ರಗಳೇ ಸವೆಸಬಾರದು.

ಬಿಎಂಟಿಸಿಯವರಲ್ಲಿ ಒಂದು ವಿನಂತಿ. ಎಲ್ಲ ಬಸ್ಸಿಗೂ ಚೌಕಟ್ಟು ಬೇಕೆಂದು ಕೇಳುತ್ತಿಲ್ಲ. ಕೆಂಗೇರಿ, ತಾವರೆಕೆರೆ ಕಡೆಗೆ ಭಾನುವಾರ ಬೆಳಿಗ್ಗೆ ಹೋಗುವ ನಾಲ್ಕೈದು ಬಸ್ಸುಗಳಿಗೆ ಕಟ್ಟಿ ನೋಡಿ. ಅದೂ ಆಗದಿದ್ದರೆ, ಬಸ್ಸು ಖಾಲಿ ಇದ್ದಾಗ ಸೈಕಲ್ ಹತ್ತಿಸಿಕೊಂಡ ಕಂಡಕ್ಟರನ್ನು ಯಾರೂ ಬೈಯದಂತೆ ಒಂದು ಸಾಲಿನ ಸುತ್ತೋಲೆ ಸಾಕು. ಕೆಂಗೇರಿಯ ದೊಡ್ಡ ಬಸ್ ನಿಲ್ದಾಣದ ಮೂಲೆಯಲ್ಲಿ ಸೈಕಲ್ ಬೀಗ ಹಾಕಿಡಲು ನೆರಳಿರುವ ಹತ್ತಡಿ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು.

ಅಂದು ಸಂಜೆ ಹುಡುಗನನ್ನು ಮನೆಗೆ ಬಿಡಲು ಹೋದಾಗ ತಾಯಿ ಗೇಟಿನ ಬಳಿಯೇ ಇದ್ದರು. ಒಂದೂವರೆ ಗಂಟೆ ತಡವಾಗಿತ್ತು. ಟ್ಯೂಬ್ ಒಡೆದದ್ದು, ನಡೆದದ್ದು, ಬಸ್ಸು ಹತ್ತಿದ್ದು ಎಲ್ಲ ಹೇಳಿದೆ. ಹುಡುಗ ಜೇಬಿನಿಂದ ಲಗೇಜ್ ಟಿಕೆಟ್ ತೆಗೆದು ಸಾಕ್ಷಿಗೆಂಬಂತೆ ತೋರಿಸಿದ. ಆಕೆ ಅದನ್ನು ತಿರುಗಿಸಿ ನೋಡಿ, "ಸೈಕಲ್ಲಿಗೂ ಟಿಕೆಟ್ಟಾ?" ಎಂದು ನಕ್ಕರು.

ಸೋಮವಾರ ಅವನು ಒಂದು ಹಾಳೆ ತಂದ. ಬೆಂಗಳೂರಿನ ಪಶ್ಚಿಮದ ನಕ್ಷೆ, ಕೈಯಲ್ಲೇ ಬರೆದದ್ದು. ಕೆಂಗೇರಿ, ಕುಂಬಳಗೋಡು, ತಾವರೆಕೆರೆ, ಬ್ಯಾಡರಹಳ್ಳಿ ನಿಲ್ದಾಣಗಳ ಮೇಲೆ ಕೈವಾರದ ಮುಳ್ಳು ಚುಚ್ಚಿ ಒಂದೊಂದು ವೃತ್ತ ಎಳೆದಿದ್ದ. ಅರ್ಧ ಗಂಟೆ ತುಳಿಯುವ ದೂರಕ್ಕೆ. ವೃತ್ತಗಳು ಒಂದಕ್ಕೊಂದು ಸಿಕ್ಕಿಕೊಂಡು ಬಳೆಗಳ ಹಾಗೆ ಕಾಣುತ್ತಿದ್ದವು. ಒಳಗೆ ಎಲ್ಲೂ ಖಾಲಿ ಜಾಗವಿರಲಿಲ್ಲ. ತಾವರೆಕೆರೆಯ ವೃತ್ತದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಒಂದು ನೀಲಿ ಗುರುತು. "ಇದೇನೋ?" ಎಂದೆ. "ತಿಪ್ಪಗೊಂಡನಹಳ್ಳಿ ಸಾರ್. 1933ರಲ್ಲಿ ಕಟ್ಟಿದ್ದು ಅಂತ ನೀವೇ ಹೇಳಿದ್ರಿ. ಅರ್ಕಾವತಿ ಅಲ್ಲಿದೆ."

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿದ್ದ: ಟ್ಯೂಬ್ ಎರಡು.